ಮೂರನೆಯ ಹಡಗು

ನಮ್ಮ ಭಾವ ಯಾರ ಮನೆಗೆ ಹೋದರೂ, ಕುಶಲ ವಿಚಾರಿಸುವುದಕ್ಕೂ ಮೊದಲು ಅಡುಗೆಮನೆಗೆ ನುಗ್ಗಿ, ಗ್ಯಾಸ್ ಸಿಲಿಂಡರನ್ನು ಕೊಂಚ ಓರೆಮಾಡಿ ತೂಕ ನೋಡುತ್ತಾರೆ. "ಇನ್ನು ಒಂಬತ್ತು ದಿನ" ಎಂದು ತೀರ್ಪು ಕೊಟ್ಟ ಮೇಲೆಯೇ ಕುರ್ಚಿಯಲ್ಲಿ ಕೂರುವುದು. ಅಕ್ಕನಿಗೆ ಇದರಿಂದ ಎಷ್ಟೋ ಸಲ ತಲೆ ತಗ್ಗಿಸುವಂತಾಗಿದೆ. ಆದರೆ ಮೂವತ್ತು ವರ್ಷ ನೌಕಾಪಡೆಯ ಯೋಜನಾ ಕಚೇರಿಯಲ್ಲಿ ಕೂತು, ನಡುಗಡಲಿನ ಯುದ್ಧನೌಕೆಗಳಿಗೆ ಎಣ್ಣೆ, ನೀರು, ಆಹಾರ, ಮದ್ದುಗುಂಡು ಒಯ್ದು ಕೊಡುವ ಪೂರೈಕೆ ಹಡಗುಗಳು ಮುಂದೆ ಎಷ್ಟು ಬೇಕಾದಾವು ಎಂದು ಚಿಂತಿಸುತ್ತಲೇ ತಲೆ ನರೆಸಿಕೊಂಡವರಿಂದ ಬೇರೇನನ್ನು ನಿರೀಕ್ಷಿಸೋಣ? ಸ್ವತಃ ದೋಣಿ ಹತ್ತಿದರೆ ವಾಂತಿ. ಬೇಸಿಗೆಯಲ್ಲೂ ಬಿಡದ ಬೂದು ಕೋಟಿನ ಜೇಬಿನಲ್ಲಿ ಮೂರು ಪೆನ್ನು: ಒಂದು ಬರೆಯಲು, ಒಂದು ಅದು ಕೈಕೊಟ್ಟರೆ, ಇನ್ನೊಂದು ಯಾರಾದರೂ ಕೇಳಿ ಒಯ್ದು ಹಿಂದಿರುಗಿಸದಿದ್ದರೆ.

ಹದಿನೈದು ವರ್ಷಗಳಾಚೆ ನೀರಿಗಿಳಿಯಬೇಕಾದ ಹಡಗುಗಳ ಯೋಜನೆ ಈ ವರ್ಷ ಅವರ ಮೇಜಿಗೆ ಬಂತು. ಅವರು ಮೂರು ಕೇಳಿದರು; ಸಮಿತಿ ಎರಡು ಸಾಕೆಂದಿತು. "ಒಂದು ರಿಪೇರಿಗೆ ನಿಂತಿರತ್ತೆ, ಇನ್ನೊಂದು ತುಂಬಿಸ್ಕೊಳ್ಳೋಕೆ ಬಂದರಿಗೆ ಬಂದಿರತ್ತೆ. ನಡುನೀರಲ್ಲಿರೋರಿಗೆ ಆವಾಗ ಯಾರು ಕೊಡ್ತಾರೆ?" ಎಂದು ಇವರು ವಾದಿಸಿದಾಗ, ಅಧ್ಯಕ್ಷರು ಹಳೆಯ ಕಡತವೊಂದನ್ನು ತೆರೆದು ಇವರದೇ ಸಾಲನ್ನು ಓದಿದರಂತೆ: 'ಅನಿವಾರ್ಯವಾದಲ್ಲಿ ಎರಡರಲ್ಲಿಯೂ ನಿಭಾಯಿಸಬಹುದು.' ಹಿಂದೊಮ್ಮೆ, ಮೇಲಿನವರಿಗೆ ಬೇಸರವಾಗದಿರಲೆಂದು ಸೌಜನ್ಯಕ್ಕೆ ಸೇರಿಸಿದ ಮಾತದು. ಆ ದಾಕ್ಷಿಣ್ಯವೇ ಈಗ ಕುತ್ತಿಗೆಗೆ ಬಂದಿತ್ತು.

ಸಾಲದ್ದಕ್ಕೆ, ಅವರ ಒಬ್ಬಳೇ ಮಗಳು ಕಳೆದ ವರ್ಷವಷ್ಟೇ ನೌಕಾಪಡೆ ಸೇರಿದ್ದಾಳೆ. ಈ ಹಡಗುಗಳು ಬರುವ ಹೊತ್ತಿಗೆ ಅವಳೇ ಒಂದು ಯುದ್ಧನೌಕೆಯನ್ನು ನಡೆಸುತ್ತಿರಬಹುದು. ಆ ವಾರವೆಲ್ಲ ಭಾವನ ಕೈ ತಟ್ಟೆಯಲ್ಲಿ, ಮನಸ್ಸು ಇನ್ನೆಲ್ಲೋ. ಕಚೇರಿಯಲ್ಲಿ ಯಾರೋ ನಗುತ್ತ, "ಮಗಳಿಗೋಸ್ಕರ ಹಡಗು ಕೇಳ್ತಿದ್ದೀರಾ ಸಾರ್?" ಎಂದದ್ದು ಅವರನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

"ಹೌದು ಅಂದ್ರೆ ಸ್ವಾರ್ಥ, ಅಲ್ಲ ಅಂದ್ರೆ ಸುಳ್ಳು. ಏನಂತ ಹೇಳ್ಲೋ?" ಎಂದು ನನ್ನನ್ನು ಕೇಳಿದರು.

"ಹೇಳ್ಬೇಡಿ ಭಾವ, ಬರೆದುಬಿಡಿ," ಎಂದೆ.

ಬರೆದೇಬಿಟ್ಟರು. 'ಆ ಸಾಲು ಬರೆದವನು ನಾನೇ, ಅದು ತಪ್ಪು. ನನ್ನ ಮಗಳು ಈ ಪಡೆಯಲ್ಲಿದ್ದಾಳೆ. ಆದ್ದರಿಂದ ನನ್ನ ಲೆಕ್ಕವನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಿ. ಮೂರೇ ಬರುತ್ತದೆ.' ಕಡತ ಮೇಲಕ್ಕೆ ಹೋಗಿ ಎರಡು ತಿಂಗಳಾಯಿತು, ಉತ್ತರವಿಲ್ಲ. ಮುಂದಿನ ತಿಂಗಳು ಅವರು ನಿವೃತ್ತರು. ಫೋನ್ ಗುನುಗಿದರೂ ಬೆಚ್ಚಿಬೀಳುತ್ತಾರೆ. ಅವರನ್ನು ನೋಡಿ ನೋಡಿ ನನಗೂ ಭಯ ಹತ್ತಿದೆ.

ಇಂಥವರ ಬಾಳೇ ಹೀಗೆ. ತಾವಿಲ್ಲದ ಕಾಲದ ಹಸಿವನ್ನು ಇಂದೇ ಹೊಟ್ಟೆಯಲ್ಲಿಟ್ಟುಕೊಂಡು ಬದುಕುತ್ತಾರೆ. ಹಡಗು ಹೊತ್ತಿಗೆ ಸರಿಯಾಗಿ ಬಂದರೆ, ಅದನ್ನು ಬೇಡಿದವರು ಯಾರೆಂದು ಯಾರೂ ವಿಚಾರಿಸುವುದಿಲ್ಲ. ಬಾರದೆ ಹೋದರೆ, ಎಣ್ಣೆ ತೀರಿದ ನೌಕೆಯ ಮೇಲೆ ನಿಂತು ದಿಗಂತ ನೋಡುವ ಮಗಳಿಗೆ, ಅಪ್ಪ ಕೇಳಿದ್ದರು ಎಂಬುದಷ್ಟೇ ಗೊತ್ತಿರುತ್ತದೆ.