ಗೋಡೆಗೆ ಹಾಕಿದ ನಂಬರು

ಬಂಗಾರಪೇಟೆಯಿಂದ ಬಂದ ಆ ಹುಡುಗನ ಮೇಲೆ ಅಶ್ವತ್ಥಮ್ಮನಿಗೆ ಮೊದಲ ದಿನವೇ ಗುಮಾನಿ. ಹೆಸರು ನವನೀತ್, ಕೆಲಸ ಗೋಡೆಗೆ ಚಿತ್ರ ಬರೆಯುವುದಂತೆ. ಚಿತ್ರ ಬರೆಯುವವನಿಗೆ ಅಳತೆ ಟೇಪು ಯಾಕಪ್ಪಾ? ಉರಿಗಾಂನಲ್ಲಿ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳ ಆ ಲೈನಿನಲ್ಲಿ ಅವಳ ಮನೆಯೇ ಕೊನೆಯದು. ರಸ್ತೆ ಕಡೆಯ ಗೋಡೆಯನ್ನು ಅವನು ಉದ್ದಗಲ ಅಳೆದ, ಫೋಟೋ ತೆಗೆದ, ಮನೆ ಎಷ್ಟು ವರ್ಷದ್ದು ಅಜ್ಜಿ ಅಂತ ಹಲ್ಲು ಕಿರಿದು ಕೇಳಿದ. ಅದೆಲ್ಲಾ ನಿಂಗ್ಯಾಕೆ ಅಂದು ಅವಳು ಒಳಗೆ ಹೋದಳು. ಕುಡಿಯಲು ನೀರೂ ಕೊಡಲಿಲ್ಲ.

ಸಂಜೆ ನೋಡಿದರೆ ಗೋಡೆ ತುಂಬಾ ಸೀಮೆಸುಣ್ಣದ ಚೌಕಗಳು, ಒಂದೊಂದರಲ್ಲೂ ಒಂದೊಂದು ನಂಬರು! ಹೋದ ವರ್ಷ ಹಿಂದಿನ ಲೈನಿನ ಮನೆಗಳಿಗೂ ಯಾರೋ ಹೀಗೇ ನಂಬರು ಹಾಕಿ ಹೋಗಿದ್ದರು, ತಿಂಗಳು ತುಂಬುವುದರೊಳಗೆ ಜೆಸಿಬಿ ಬಂದಿತ್ತು. ಗಂಡ ಮೈಸೂರು ಮೈನ್ಸಿನಲ್ಲಿ ದುಡಿದಿದ್ದಕ್ಕೆ ಸಿಕ್ಕ ಮನೆ ಇದು. ಗಣಿ ಮುಚ್ಚಿತು, ಗಂಡ ಹೋದ, ಮನೆ ಮಾತ್ರ ಇವತ್ತಿಗೂ ಅವಳ ಹೆಸರಿಗಾಗಿಲ್ಲ. ಮೊಮ್ಮಗಳು ಅಕ್ಷರಾಳನ್ನು ಕಟ್ಟಿಕೊಂಡು ಇನ್ನೆಲ್ಲಿಗೆ ಹೋಗುವುದು? ಸ್ಕೂಲಿನಲ್ಲಿ ಚಿತ್ರ ಬರೆಸಿದರು ಅಂತ ಹುಡುಗಿ ಏನೋ ಹೇಳಲು ಬಂದಳು, ಕೇಳುವ ತಾಳ್ಮೆ ಯಾರಿಗಿತ್ತು. ಬೆಳಗ್ಗೆ ಎದ್ದವಳೇ ಅಶ್ವತ್ಥಮ್ಮ ಬಕೆಟ್ಟು, ಬಟ್ಟೆ ಹಿಡಿದು ಒಂದು ಗೆರೆ ಬಿಡದೆ ಉಜ್ಜಿಹಾಕಿದಳು. ಪೀಡೆ ತೊಲಗಿತು ಅಂದುಕೊಂಡಳು.

ಬಿಸಿಲೇರುವ ಹೊತ್ತಿಗೆ ಆಂಡರ್ಸನ್‌ಪೇಟೆ ಶಾಲೆಯ ಚೈತ್ರ ಮಿಸ್ಸು ಅಕ್ಷರಾಳ ಕ್ಲಾಸಿನ ಮಕ್ಕಳನ್ನೆಲ್ಲ ಸಾಲಾಗಿ ಕರೆತಂದರು, ಜೊತೆಗೆ ನವನೀತ್. ದಾರಿಯುದ್ದಕ್ಕೂ ಗೋಡೆಚಿತ್ರಗಳನ್ನು ತೋರಿಸಿ, ಇದನ್ನು ಯಾರಿಗೋಸ್ಕರ ಬರೆದಿದ್ದಾರೆ ಹೇಳಿ ಅಂತ ಮಕ್ಕಳನ್ನೇ ಕೇಳುತ್ತಾ ಬಂದಿದ್ದರಂತೆ. ಪ್ರತಿ ಮಗುವಿನ ಕೈಯಲ್ಲೂ ಒಂದು ಕಾಗದ. ಅದರಲ್ಲಿ ಒಂದೇ ದೊಡ್ಡ ಚಿತ್ರದ ಒಂದು ತುಂಡು, ಬೆನ್ನಿಗೆ ಒಂದು ನಂಬರು. ಅದೇ ನಂಬರಿನ ಚೌಕವನ್ನು ಗೋಡೆಯಲ್ಲಿ ಹುಡುಕಿ ತನ್ನ ತುಂಡನ್ನು ತಾನೇ ಬರೆಯಬೇಕು. ಬಂದು ನೋಡಿದರೆ ಗೋಡೆ ಬೋಳು. ಅಕ್ಷರಾ ಕಾಗದ ಹಿಡಿದು ಆ ತುದಿಯಿಂದ ಈ ತುದಿಗೆ ಹುಡುಕಿದಳು.

"ನಂದೆಲ್ಲಜ್ಜಿ?" ಅಂದಳು.

ಅಶ್ವತ್ಥಮ್ಮನಿಗೆ ನಾಚಿಕೆಯಾಯಿತು, ಸಂಶಯ ಮಾತ್ರ ಹೋಗಲಿಲ್ಲ. ಅಳಿಸಿದ್ದು ನಾನೇ ಅಂದಳು, ಯಾಕೆ ಅಂತಲೂ ಹೇಳಿದಳು. ಮಿಸ್ಸು ತಲೆ ತಗ್ಗಿಸಿದರು. ಹಿಂದಿನ ಲೈನಿನಿಂದ ಬರುತ್ತಿದ್ದ ಮಕ್ಕಳು ಈಗ ಅವರ ಕ್ಲಾಸಿನಲ್ಲಿ ಇರಲಿಲ್ಲ. ನವನೀತ್ ಮತ್ತೆ ಚೌಕ ಎಳೆದ. ನಂಬರು ಹಾಕಲು ಹೋದಾಗ ಅವಳು ಅವನ ಕೈ ಹಿಡಿದುಕೊಂಡಳು.

"ನಂಬ್ರು ಬ್ಯಾಡ ಕಣಪ್ಪಾ. ಮಕ್ಳ ಎಸ್ರು ಬರಿ."

ಬಣ್ಣ ಹಚ್ಚಿದ ಮೇಲೆ ಹೆಸರು ಮುಚ್ಚಿಹೋಗುತ್ತದಲ್ಲ ಅಂತ ಅವನು ಮೆಲ್ಲಗೆ ಹೇಳಿದ.

"ಅಂಗಾದ್ರೆ ಬಣ್ಣದ ಮ್ಯಾಲೇ ಬರಿ. ನಾಳೆ ಒಡೆಯೋಕೆ ಬರೋರು ಒಂದೊಂದೆಸ್ರೂ ಓದ್ಕಂಡು ಒಡೀಲಿ."