ಬಿ.ಪಿ. ಗುಳಿಗೆಯೂ ಬಿರುಸು ನಡಿಗೆಯೂ

ಕಾಫಿ ಕೊಯ್ಲು ಮುಗಿಯುತ್ತಲೇ ಬೆಳಗೋಡಿನ ಮಹಿಳಾ ಸಮಾಜದವರು ಆಟೋಟ ಇಟ್ಟುಕೊಳ್ಳುವುದು ವಾಡಿಕೆ. ಅದರಲ್ಲಿ ಐವತ್ತು ದಾಟಿದವರ ಬಿರುಸು ನಡಿಗೆ ಎಂದರೆ ಸುಮಿತ್ರಮ್ಮನದೇ ರಾಜ್ಯಭಾರ. ತೋಟದ ಏರುತಗ್ಗು ತುಳಿದು ಗಟ್ಟಿಯಾದ ಕಾಲು. ಬಾಯಿ ಅದಕ್ಕಿಂತ ಗಟ್ಟಿ. ಸಾವಿರದ ಒಂಬೈನೂರ ತೊಂಬತ್ತೆಂಟರ ಆಟೋಟದಲ್ಲೂ, "ಗಂಗಾಮಣಿ, ಈ ಸಲಾನೂ ನನ್ ಬೆನ್ನೇ ನೋಡ್ಕಂಡ್ ಬಾರೇ," ಎಂದು ಪಕ್ಕದ ತೋಟದ ಗೆಳತಿಯನ್ನು ಕೆಣಕಿಯೇ ಗೆರೆಯ ಮೇಲೆ ನಿಂತಳು.

ಸೀಟಿ ಊದಿದರು. ಅರ್ಧ ಸುತ್ತಿಗೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಎದೆ ಡವಡವ ಎನ್ನುತ್ತಿಲ್ಲ. ಊಟ ಮುಗಿಸಿ ಜಗಲಿಯಲ್ಲಿ ಕೂತಂತೆ ತಣ್ಣಗಿದೆ. ಕಾಲು ಮಾತ್ರ ಕೆಸರುಗದ್ದೆಯಲ್ಲಿ ಹೂತಷ್ಟು ಭಾರ. ಹಲ್ಲು ಕಚ್ಚಿದರೂ ವೇಗ ಬರಲೊಲ್ಲದು. ಗಂಗಾಮಣಿ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದಳು. ಅವಳ ಹಿಂದೆ ಇನ್ನೂ ಮೂವರು.

ಸುಮಿತ್ರಮ್ಮ ಕುದಿಯುತ್ತಾ, ಅತಿಥಿಯಾಗಿ ಬಂದಿದ್ದ ಶ್ರೀನಾಥ್ ಡಾಕ್ಟರ ಮುಂದೆ ನಿಂತಳು. ಹೋದ ತಿಂಗಳು ಅವಳಿಗೆ ಬಿ.ಪಿ. ಗುಳಿಗೆ ಬರೆದುಕೊಟ್ಟವರು ಅವರೇ.

"ಏನ್ ಕೊಟ್ಬುಟ್ರಿ ಡಾಕ್ಟ್ರೇ? ಎದೆ ಹೊಡ್ಕಳದೇ ನಿಲ್ಲಿಸ್ಬುಟ್ಟೈತೆ!"

ಡಾಕ್ಟರು ನಾಡಿ ಹಿಡಿದರು. "ತಲೆಸುತ್ತು, ಎದೆನೋವು ಏನಾದ್ರೂ ಇದ್ಯಾ?"

"ಹೊಟ್ಟೆಕಿಚ್ಚು ಐತೆ. ಇನ್ನೇನಿಲ್ಲ."

ಅವರು ನಕ್ಕರು. "ಬಿರುಸಾಗಿ ನಡೆದಾಗ ಕಾಲು ಹೆಚ್ಚು ರಕ್ತ ಕೇಳುತ್ತೆ. ಎದೆ ಬೇಗಬೇಗ ಬಡಿದು ಕಳಿಸ್ಬೇಕು. ಗುಳಿಗೆ ಅದಕ್ಕೆ ಮೂಗುದಾರ ಹಾಕಿದೆ. ಎದೆ ಒಂದೊಂದು ಬಡಿತಕ್ಕೂ ಸ್ವಲ್ಪ ಜಾಸ್ತಿ ರಕ್ತ ದೂಡಿ ಸರಿತೂಗಿಸೋಕೆ ನೋಡುತ್ತೆ, ಪೂರ್ತಿ ಸಾಲಲ್ಲ."

"ಹಂಗಾರೆ ನಾಳೆಯಿಂದ ನುಂಗಲ್ಲ, ಬುಡಿ."

"ಥಟ್ಟನೆ ನಿಲ್ಲಿಸಿದ್ರೆ ಅಪಾಯ. ಎದೆ ಲಂಗುಲಗಾಮಿಲ್ಲದೆ ಹಾರುತ್ತೆ. ದಿನಾ ನಡೀರಿ, ಮಾತಾಡೋಕಾಗುವಷ್ಟು ವೇಗದಲ್ಲಿ."

"ಮಾತಿಗೇನೂ ಬರ ಇಲ್ಲ," ಎಂದ ಹಿಂದೆ ನಿಂತಿದ್ದ ಗಂಡ ಲಕ್ಕಪ್ಪ.

ಅಷ್ಟರಲ್ಲಿ ಮೈಕಿನಲ್ಲಿ ಸೂಜಿಗೆ ದಾರ ಪೋಣಿಸುವ ಸ್ಪರ್ಧೆಗೆ ಕರೆದರು. ಸೋತ ಸಿಟ್ಟಿಗೆ ಸುಮಿತ್ರಮ್ಮ ಅದಕ್ಕೂ ಹೋಗಿ ಕೂತಳು. ಪ್ರತಿವರ್ಷ ಜನ ನೋಡುತ್ತಿದ್ದಾರೆಂದರೆ ಸಾಕು, ಕೈ ಗಡಗಡ ನಡುಗಿ ದಾರವು ಸೂಜಿಗೆ ಪ್ರದಕ್ಷಿಣೆ ಹಾಕುತ್ತಿತ್ತು. ಇವತ್ತು ಕನ್ನಡಕ ಏರಿಸಿ, ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಬೆರಳು ಅಲುಗಲಿಲ್ಲ. ದಾರ ಒಂದೇ ಸಲಕ್ಕೆ ನುಗ್ಗಿತು. ಪಕ್ಕದಲ್ಲಿ ಗಂಗಾಮಣಿ ಇನ್ನೂ ಸೂಜಿಯನ್ನು ಬೈಯುತ್ತಿದ್ದಳು.

"ಸುಮಿತ್ರಕ್ಕ, ನಿನ್ ಕೈ ನಡುಗ್ಲೇ ಇಲ್ವಲ್ಲ! ಅದೆಂಗೆ?"

"ಅದೂ ಗುಳಿಗೆ ಮಹಿಮೆನೇ," ಎಂದರು ಡಾಕ್ಟರು. "ಅಳುಕಿಗೆ ಬರೋ ನಡುಕಾನೂ ತಡೆಯುತ್ತೆ."

"ಹಂಗಾರೆ ನಂಗೂ ಬರ್ಕೊಡಿ!"

"ಸೂಜಿ ಪೋಣಿಸೋಕೆಲ್ಲ ಗುಳಿಗೆ ಕೊಡಲ್ಲ ಕಣಮ್ಮ."

ಬಹುಮಾನದ ಸ್ಟೀಲ್ ಡಬ್ಬಿಯನ್ನು ಸುಮಿತ್ರಮ್ಮ ದಾರಿಯುದ್ದಕ್ಕೂ ಗಂಗಾಮಣಿಗೆ ಕಾಣುವಂತೆ ಹಿಡಿದೇ ಮನೆ ಸೇರಿದಳು.