ವಸ್ತು ‘ಗ’, ಸಂಜೆಯ ತೂಕ

೧
ಎಲ್ಲಿಂದ ಶುರು ಮಾಡಲಿ? ತಕ್ಕಡಿ ಮೇಷ್ಟ್ರ ಸಾವಿನಿಂದ ಮಾಡಿದರೆ, ಓದುಗರೇ, ನೀವು ‘ಪಾಪ’ ಎನ್ನುತ್ತೀರಿ. ನನಗೆ ಬೇಕಾದದ್ದು ಪಾಪ ಅಲ್ಲ, ಹೊಟ್ಟೆಕಿಚ್ಚು. ಗುರುತ್ವ ಎಂದರೇನು ಎಂಬಲ್ಲಿಂದ ಮಾಡೋಣವೆಂದರೆ ನನಗೇ ನೆಟ್ಟಗೆ ಗೊತ್ತಿಲ್ಲ. (ಹರಿದು ಹಾಕಿದ ಪುಟದಲ್ಲಿ ಒಂದು ಸೇಬು ಇತ್ತು. ಅದು ಬಿದ್ದಲ್ಲೇ ಇರಲಿ.)

೨
ದಾಖಲೆ ಕೋಣೆಯಿಂದ ಮಾಡೋಣ. ಅಲ್ಲಿ ಎತ್ತರದ ಸ್ಟೂಲಿನ ಮೇಲೆ, ಕಾಲು ನೆಲಕ್ಕೆ ಮುಟ್ಟದ ಹಾಗೆ, ಒಬ್ಬಳು ಕೂತಿದ್ದಾಳೆ. ಸತ್ತವರ ಕಾಗದಗಳ ಮಡಿಕೆ ಬಿಡಿಸಿ, ಮೇಲೆ ಕಬ್ಬಿಣ ಹೇರಿ ಚಪ್ಪಟೆ ಮಾಡಿ, ಪೆನ್ಸಿಲಿನಲ್ಲಿ ಪಟ್ಟಿ ಬರೆಯುವುದು ಅವಳ ಕೆಲಸ. ಪಟ್ಟಿಯವಳು ಎನ್ನೋಣ.

ಈಗ ಅವಳ ಮುಂದಿರುವುದು ಮೇಷ್ಟ್ರ ಪೆಟ್ಟಿಗೆಗಳು, ಜೊತೆಗೆ ಅವರ ಸ್ಪ್ರಿಂಗ್ ತಕ್ಕಡಿ. ಸಂಜೆಯ ಹೊತ್ತು ಭೂಮಿಯ ಸೆಳೆತ ಒಂದಿಷ್ಟು ಸಡಿಲವಾಗುತ್ತದೆ ಎಂದು ಸಾಯುವತನಕ ನಂಬಿದ್ದ ಸಂಶೋಧಕ ಅವರು. ಅವರ ಟಿಪ್ಪಣಿಗಳ ಪ್ರಕಾರ ಆ ತಕ್ಕಡಿಗೆ ತೂಗುಹಾಕಿದ ‘ವಸ್ತು ಗ’ ಬೆಳಿಗ್ಗೆ ಒಂದು ತೂಕ, ಸಂಜೆ ಅದಕ್ಕಿಂತ ಕಡಿಮೆ. ವಸ್ತು ಯಾವುದೆಂದು ಬರೆದಿಲ್ಲ. ‘ಮರಳಿನ ಚೀಲ’ ಎಂದು ಪಟ್ಟಿಯವಳೇ ಊಹಿಸಿ ಪಟ್ಟಿಗೆ ಸೇರಿಸಿದಳು.

ಸಂಜೆ ಮನೆಗೆ ಹೊರಟಾಗ ಕೈಚೀಲ ಹಗುರವೆಂದು ಅವಳಿಗೂ ಅನ್ನಿಸತೊಡಗಿತ್ತು. (ಊಟದ ಡಬ್ಬಿ ಖಾಲಿಯಾಗಿರುತ್ತಿತ್ತು ಎಂದು ನಾನು ಹೇಳಿದೆ. ಮುಖ ತಿರುಗಿಸಿದಳು.) ಖುಷಿಯಾದಾಗ ಮೇಷ್ಟ್ರ ಅಕ್ಷರ ಬಲಕ್ಕೆ ವಾಲುತ್ತದೆ ಎಂದು ಬಲ್ಲವಳು ತಾನೊಬ್ಬಳೇ ಎಂದು ಅವಳಿಗೆ ಒಳಗೊಳಗೇ ಜಂಬ.

೩
ಈಗ ಮೇಷ್ಟ್ರ ಮಗಳು ಬರಬೇಕು. ಪಟ್ಟಿಯವಳು ಬಿಡಲೊಲ್ಲಳು.

“ಪೆಟ್ಟಿಗೆ ಕೊಟ್ಮೇಲೆ ಈ ಕಡೆ ತಲೆ ಹಾಕಿಲ್ಲ, ಈಗ್ಯಾಕೆ?” ಎಂದು ನನ್ನ ಮೇಲೆ ರೇಗಿದಳು.

“ಬರದಿದ್ರೆ ಕಥೆ ಆಗಲ್ಲಮ್ಮಾ.”

“ಆಗದಿದ್ರೆ ಬೇಡ.”

ಆದರೂ ಕರೆತಂದೆ. ನಡುವಯಸ್ಸಿನ ಮಗಳು, ಜೊತೆಗೆ ಕಚೇರಿಯ ಮುಖ್ಯಸ್ಥರು. “ವಿಜ್ಞಾನದ್ದು ಇಲ್ಲಿರ್ಲಿ, ಮನೆ ವಿಷಯದ್ದು ಇವರು ವಾಪಸ್ ತಗೊಂಡ್ಹೋಗ್ತಾರೆ. ಪಟ್ಟಿ ಸರಿ ಮಾಡಿಡು, ಬಂದು ಸೈನ್ ಹಾಕ್ತೀನಿ,” ಎಂದು ಅವರು ಹೊರಟರು.

“ಅಪ್ಪನ ಬರಹ ಕೋಳಿ ಕೆದರಿದ ಹಾಗೆ. ನಿಂಗೆ ಓದಕ್ಕೆ ಬರತ್ತಾ?” ಎಂದಳು ಮಗಳು.

“ಬರತ್ತೆ ಮೇಡಂ. ಖುಷಿಯಾದಾಗ ಬಲಕ್ಕೆ ವಾಲತ್ತೆ.”

ಮಗಳ ಮುಖ ಸಣ್ಣಗಾಯಿತು. “ಓಹೋ. ನಂಗಿಂತ ನಿಂಗೇ ಚೆನ್ನಾಗಿ ಗೊತ್ತು ಬಿಡು.”

ಪಟ್ಟಿಯವಳಿಗೆ ಹಾಲು ಕುಡಿದಷ್ಟು ಸಂತೋಷ.

೪
ಅಷ್ಟರಲ್ಲಿ ಮಗಳ ಬೆರಳು ಪಟ್ಟಿಯ ಮೇಲೆ ನಿಂತಿತು.

“ಯಾರಮ್ಮಾ ಮರಳಿನ ಚೀಲ? ಅದು ನಾನು ಕಣೇ!”

ತಕ್ಕಡಿಗೆ ಉಯ್ಯಾಲೆ ಕಟ್ಟಿ, ಚಿಕ್ಕಂದಿನಲ್ಲಿ ಮೇಷ್ಟ್ರು ಮಗಳನ್ನೇ ಕೂರಿಸಿ ತೂಗುತ್ತಿದ್ದರಂತೆ.

“ಒಂದು ಸಂಜೆ ಹೆಬ್ಬೆರಳು ನೆಲಕ್ಕೆ ತಾಗ್ತು. ಮುಳ್ಳು ಇಳೀತು. ಅಪ್ಪ ಕುಣಿದಾಡಿಬಿಟ್ರು! ಆಮೇಲೆ ದಿನಾ ಸಂಜೆ ತಾಗಿಸ್ತಿದ್ದೆ. ಅಷ್ಟೇ ನೋಡು ನಿನ್ನ ಗುರುತ್ವ.”

“ಅವರು ನೋಡ್ಲಿಲ್ವಾ?”

“ಅವರ ಕಣ್ಣು ಮುಳ್ಳಿನ ಮೇಲೆ. ನನ್ ಕಡೆ ಎಲ್ಲಿ ನೋಡ್ತಿದ್ರು?”

ಪಟ್ಟಿಯವಳ ಹೊಟ್ಟೆಯಲ್ಲಿ ಕೆಂಡ ಬಿತ್ತು. ಸಿದ್ಧಾಂತ ಸುಳ್ಳಾಯಿತು ಎಂದಲ್ಲ. ವಾಲಿದ ಅಕ್ಷರಗಳನ್ನೆಲ್ಲ ವಾಲಿಸಿದ್ದು ಇವಳ ಕಾಲು! ಆದರೆ ಮಗಳು ಆ ತಕ್ಕಡಿಯನ್ನು ನೋಡುತ್ತಿದ್ದ ನೋಟವೂ ಅವಳಿಗೆ ಗುರುತು ಸಿಕ್ಕಿತು: ಅದೇ ಕೆಂಡ. (ನನಗೂ ಇದೆ. ಕಥೆಯ ಒಳ್ಳೆಯ ಮಾತನ್ನೆಲ್ಲ ಮಗಳೇ ಆಡಿ ಮುಗಿಸಿದಳು.)

೫
ಒಂದು ಅಂತ್ಯ: ಪಟ್ಟಿಯವಳು ‘ಮಗಳು, ಉಯ್ಯಾಲೆಯಲ್ಲಿ’ ಎಂದು ತಿದ್ದುತ್ತಾಳೆ. ಆಗ ಅದು ಮನೆ ವಿಷಯ. ಪೆಟ್ಟಿಗೆಗಳು ಟ್ಯಾಕ್ಸಿ ಹತ್ತುತ್ತವೆ, ಇವಳ ಮೇಜು ಖಾಲಿ.

ಇನ್ನೊಂದು: ಏನೂ ತಿದ್ದುವುದಿಲ್ಲ. ಮೇಷ್ಟ್ರು ಇವಳ ಪಾಲಿಗೆ ಉಳಿಯುತ್ತಾರೆ. ಮಗಳು ಮರಳಾಗಿ ಉಳಿಯುತ್ತಾಳೆ.

ಇಬ್ಬರೂ ತಬ್ಬಿ ಅಳುವುದನ್ನೂ ಬರೆದಿದ್ದೆ. “ಥೂ,” ಎಂದಳು ಪಟ್ಟಿಯವಳು. ಹರಿದೆ.

ಇನ್ನಾವ ಅಂತ್ಯವೂ ಉಳಿದಿಲ್ಲ. ಮಗಳು ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದಾಳೆ. ಹೊರಗೆ ಮುಖ್ಯಸ್ಥರ ಬೂಟಿನ ಸದ್ದು. ಪೆನ್ಸಿಲಿನ ಮೊನೆ ‘ಮರಳಿನ’ ಎಂಬಲ್ಲಿ ನಿಂತಿದೆ. ಸ್ಟೂಲಿನ ಕೆಳಗೆ ಪಟ್ಟಿಯವಳ ಒಂದು ಚಪ್ಪಲಿ ಕಳಚಿ ಬಿತ್ತು. ಬರಿಗಾಲಿನ ಹೆಬ್ಬೆರಳು ಮೆಲ್ಲಗೆ ನೆಲದತ್ತ ಇಳಿಯತೊಡಗಿತು.

“ಬೇಗ ಬರಿಯಮ್ಮಾ, ಬಂದ್ರು,” ಎಂದೆ.

“ಸುಮ್ನಿರಿ. ಹಗುರ ಆಗತ್ತಾ ಅಂತ ನೋಡ್ತಿದೀನಿ.”

ತಾಗಿತೋ ಇಲ್ಲವೋ ಎಂದು ನಾನು ಬಗ್ಗಿದೆ.

“ಇಲ್ಲಿ ನೋಡ್ಬೇಡಿ,” ಎಂದಳು. “ನೀವು ಮುಳ್ಳು ನೋಡಿ.”